ಸ್ಮಾರಕ ಪ್ರವಾಸ ಫೆಲೋಶಿಪ್: ಪಟ್ಟಿಯಲ್ಲಿ 27 ಊರುಗಳಿದ್ದರೆ ಏನು ಮಾಡಬೇಕು?

ಪ್ರಶ್ನೆ: ಮೈಸೂರಿನಲ್ಲಿ ಬಿ.ಆರ್ಕ್ ಮುಗಿಸಿ ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಇತಿಹಾಸದ ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ವಿಭಾಗದಲ್ಲಿ ತೀರಿಹೋದ ಪ್ರಾಧ್ಯಾಪಕರೊಬ್ಬರ ನೆನಪಿಗಾಗಿ ಅವರ ಮನೆಯವರು ಇಟ್ಟಿರುವ ಪ್ರವಾಸ ಫೆಲೋಶಿಪ್ ಇದೆ. ಗರಿಷ್ಠ ಮೊತ್ತ 5,000 ಡಾಲರ್. ಎರಡು ಪುಟದ ಪ್ರಸ್ತಾವ, ಪ್ರಯಾಣದ ಪಟ್ಟಿ, ಬಜೆಟ್, ಎರಡು ಶಿಫಾರಸು ಪತ್ರ ಕೇಳುತ್ತಾರೆ. 'ಬಾದಾಮಿಯಿಂದ ಹಂಪಿಯವರೆಗೆ ಕರ್ನಾಟಕದ ದೇವಾಲಯ ವಾಸ್ತುವಿನ ವಿಕಾಸ' ಎಂಬ ವಿಷಯದಲ್ಲಿ 30 ದಿನಗಳಲ್ಲಿ 27 ಊರು ನೋಡುವ ಯೋಜನೆ ಕೊಟ್ಟಿದ್ದೆ. ನಕ್ಷತ್ರಾಕಾರದ ಗುಡಿಗಳ ಬಗ್ಗೆ ನನಗೆ ವಿಶೇಷ ಆಸಕ್ತಿ. ಕಳೆದ ವರ್ಷ ಅರ್ಜಿ ತಿರಸ್ಕೃತವಾಯಿತು. ತಪ್ಪಿದ್ದು ಎಲ್ಲಿ? ಬೇರೆ ಯಾವುದಕ್ಕಾದರೂ ಅರ್ಜಿ ಹಾಕಬಹುದೇ?

ಉತ್ತರ: ನಿಮ್ಮ ಅರ್ಜಿ ಶೀರ್ಷಿಕೆಯಲ್ಲೇ ಎಡವಿದೆ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಹಂಪಿ ಹಾಳಾದದ್ದು 1565ರಲ್ಲಿ. ನಡುವಿನ ಅವಧಿ ಹೆಚ್ಚುಕಡಿಮೆ ಸಾವಿರ ವರ್ಷ. ಅದನ್ನು 30 ದಿನಕ್ಕೂ 27 ಊರಿಗೂ ಹಂಚಿ, ಪ್ರಯಾಣದ ಹೊತ್ತನ್ನು ಕಳೆದರೆ ಊರಿಗೆ ಅರ್ಧ ದಿನ ಉಳಿದೀತು. ಪಟ್ಟಿ ಕೈಗೆ ಬಂದ ಕೂಡಲೇ ಸಮಿತಿಯವರು ಮಾಡುವ ಲೆಕ್ಕ ಇದೇ. ಹೋದ ಪುಟ್ಟ ಬಂದ ಪುಟ್ಟ ಎನ್ನುವ ಪ್ರವಾಸಕ್ಕೆ ಅವರು ಹಣ ಕೊಡುವುದಿಲ್ಲ. ಕೊಟ್ಟರೂ ಅಂಥ ಓಡಾಟದಿಂದ ನಿಮ್ಮ ಪ್ರಬಂಧಕ್ಕೆ ದಕ್ಕುವುದು ಕಡಿಮೆ.

ಪ್ರವಾಸ ಫೆಲೋಶಿಪ್ಪಿನ ಅರ್ಜಿ ಓದುವವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಅಲ್ಲಿಗೆ ಹೋಗದೆ ಇದನ್ನು ತಿಳಿಯಲು ಆಗುವುದಿಲ್ಲವೇ? ಕರ್ನಾಟಕದ ದೇವಾಲಯಗಳ ಮಟ್ಟಿಗೆ ಈ ಪ್ರಶ್ನೆಗೆ ಧಾರಾಳವಾಗಿ ಉತ್ತರ ಕೊಡಬೇಕಾಗುತ್ತದೆ, ಏಕೆಂದರೆ ಕೂತಲ್ಲೇ ಸಿಗುವ ಸಾಮಗ್ರಿ ಬಹಳ ಇದೆ. ಧಾರವಾಡ, ಗದಗ ಸೀಮೆಯ ಗುಡಿಗಳ ನಕ್ಷೆಗಳನ್ನು ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಅವರು ಮಾಡಿಸಿ 1926ರಲ್ಲೇ ಅಚ್ಚು ಹಾಕಿಸಿದ್ದಾರೆ. ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಫೋಟೋ ಸಂಗ್ರಹವನ್ನು ಅಂತರ್ಜಾಲದಲ್ಲೇ ನೋಡಬಹುದು. ಶಾಸನಗಳು ಸಂಪುಟಗಳಲ್ಲಿವೆ. 'ವಿಕಾಸ' ಎಂಬ ವಿಷಯವನ್ನು ಇವಿಷ್ಟರಿಂದಲೇ ಒಂದು ಒಳ್ಳೆಯ ಗ್ರಂಥಾಲಯದಲ್ಲಿ ಕುಳಿತು ಬರೆಯಬಹುದು, ಹಾಗೆ ಬರೆದವರೂ ಇದ್ದಾರೆ. ಇವೆಲ್ಲವನ್ನೂ ನೋಡಿ ಮುಗಿಸಿದ ಮೇಲೂ ಉತ್ತರ ಸಿಗದೆ ಉಳಿಯುವ ಪ್ರಶ್ನೆ ಯಾವುದು ಎಂದು ಹುಡುಕಿ. ನಿಮ್ಮ ಪ್ರಸ್ತಾವಕ್ಕೆ ಬೇಕಾದದ್ದು ಅದೇ.

ನಕ್ಷತ್ರಾಕಾರದಲ್ಲಿ ಆಸಕ್ತಿ ಇದೆ ಎಂದಿದ್ದೀರಿ. ಹಾಗಿದ್ದರೆ ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ದಂಬಳದಿಂದ ಶುರು ಮಾಡಿ. ಅಲ್ಲಿನ ದೊಡ್ಡಬಸಪ್ಪ ಗುಡಿಯ ವಿಮಾನಕ್ಕೆ, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರಕ್ಕೆ, 24 ಮೊನೆಗಳ ನಕ್ಷತ್ರದ ತಲವಿನ್ಯಾಸ (ನೆಲನಕ್ಷೆ). ಅನೇಕ ನಕ್ಷತ್ರಾಕಾರದ ಗುಡಿಗಳಲ್ಲಿ ದಿಕ್ಕುದಿಕ್ಕಿಗೆ ಚಪ್ಪಟೆಯಾದ ಭದ್ರ (ಗೋಡೆಯ ನಡುವಿನ ಮುಂಚಾಚು) ಬಂದು ನಕ್ಷತ್ರವನ್ನು ತುಂಡರಿಸುತ್ತದೆ. ಇಲ್ಲಿ ಆ ಅಡ್ಡಿ ಇಲ್ಲ. ಮೊನೆಯ ಪಕ್ಕ ಮೊನೆ ಸಾಲಾಗಿ ಬಂದು, ಅದೇ ಏರಿಳಿತ ಶಿಖರದವರೆಗೂ ಏರುತ್ತದೆ.

ಇದರ ಜ್ಯಾಮಿತಿಯನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ: ಚೌಕವೊಂದನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕ, ಚೌಕಕ್ಕೆ ನಾಲ್ಕು ಮೂಲೆ, ಒಟ್ಟು 24 ಮೊನೆ. ಸರಿ. ಆದರೆ 24 ಮೊನೆ ಬರಲು ಇನ್ನೊಂದು ದಾರಿಯೂ ಇದೆ. ಹಗ್ಗ ಹಿಡಿದು ವೃತ್ತ ಎಳೆದು, ಅದರ ಸುತ್ತಳತೆಯನ್ನು 24 ಭಾಗ ಮಾಡಿ, ಮೊನೆಯಿಂದ ಮೊನೆಗೆ ತಗ್ಗನ್ನು ಕಣ್ಣಳತೆಯಲ್ಲೋ ಅಚ್ಚಿನ ಹಲಗೆಯಿಂದಲೋ ಕಡೆಯಬಹುದು. ಸಣ್ಣ ಅಳತೆಯ ನಕ್ಷೆಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಕಲ್ಲಿನ ಮುಂದೆ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ಚೌಕ ತಿರುಗಿಸಿ ಮಾಡಿದ್ದರೆ ಪ್ರತಿ ಮೊನೆಯೂ ಸರಿಯಾಗಿ 90 ಡಿಗ್ರಿ ಇರಬೇಕು, ಎರಡು ಮೊನೆಗಳ ನಡುವಿನ ತಗ್ಗು 105 ಡಿಗ್ರಿ ತೆರೆದಿರಬೇಕು. ನಡುವಿನಿಂದ ಮೊನೆಗೆ 3 ಮೀಟರ್ ಎಂದು ಲೆಕ್ಕಕ್ಕೆ ಹಿಡಿದರೆ, ಮೊನೆಯಿಂದ ಮೊನೆಗೆ 78 ಸೆಂ.ಮೀ., ಮೊನೆಯಿಂದ ತಗ್ಗಿನವರೆಗಿನ ಮುಖ 49 ಸೆಂ.ಮೀ., ತಗ್ಗು ವೃತ್ತದಿಂದ ಒಳಗೆ 33 ಸೆಂ.ಮೀ. ಬರಬೇಕು. ವೃತ್ತ ಹಂಚಿ ಮಾಡಿದ್ದರೆ ಮೊದಲ ಅಂಕಿ ಹಾಗೇ ಉಳಿದು ಮಿಕ್ಕವೆರಡು ಬೇರೆಯಾಗಬಹುದು. ಒಂದು ಮೂಲೆಮಟ್ಟ ಹಿಡಿದು ಮೊನೆಯಿಂದ ಮೊನೆಗೆ ನಡೆದರೆ ಮೊದಲ ದಿನವೇ ಸುಳಿವು ಹತ್ತುತ್ತದೆ.

ಇನ್ನೂ ಕುತೂಹಲದ್ದು ಮೇಲ್ಗಡೆ ಇದೆ. ಪಾಯದಲ್ಲಿ ನಡುಗೂಟ ನೆಟ್ಟು ಹಗ್ಗ ಎಳೆಯಬಹುದು. ಗರ್ಭಗುಡಿಯ ಗೋಡೆ ಎದ್ದ ಮೇಲೆ ಆ ಹಗ್ಗ ಹೊರಮೈಗೆ ಮುಟ್ಟುವುದಿಲ್ಲ. ಶಿಖರದ ಒಂದೊಂದು ತಲದಲ್ಲೂ (ಅಂತಸ್ತಿನಲ್ಲೂ) ಅದೇ ನಕ್ಷತ್ರವನ್ನು ಚಿಕ್ಕದು ಮಾಡಿ ಕೂರಿಸಿದವರು ನಡುಬಿಂದುವನ್ನು ಮೇಲಕ್ಕೆ ಹೇಗೆ ಒಯ್ದರು? ಛಾವಣಿ ಮುಚ್ಚಿದ ಮೇಲೆ ಅಲ್ಲಿ ಹೊಸದಾಗಿ ನಡು ಗುರುತಿಸಿದ್ದರೆ ಎಲ್ಲ ತಲಗಳ ಮೊನೆಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕೆಳಗಿನ ಕಲ್ಲಿನ ವರಸೆಯ ಮೇಲೆ ಹಲಗೆ ಇಟ್ಟು ಗೀಟು ಎಳೆಯುತ್ತ ಹೋಗಿದ್ದರೆ ವರಸೆ ವರಸೆಗೂ ಅಷ್ಟಷ್ಟು ಸರಿದು, ಮೇಲೆ ಹೋದಂತೆ ತಪ್ಪು ಕೂಡುತ್ತ ಹೋಗುತ್ತದೆ. ಇದನ್ನು ಅಳೆದು ಹೇಳಬಹುದು. ಉತ್ತರ ಯಾವ ಕಡೆ ಬಂದರೂ ಕೆಲಸದ ರೀತಿಯ ಬಗ್ಗೆ ಹೊಸ ಮಾತೊಂದು ಸಿಗುತ್ತದೆ. ಸಮಿತಿ ಮೆಚ್ಚುವುದು ಇಂಥ ಪ್ರಶ್ನೆಯನ್ನು: 'ಇಲ್ಲ' ಎಂಬ ಉತ್ತರವೂ ಉಪಯೋಗಕ್ಕೆ ಬರುವಂಥದ್ದು.

ಪ್ರಶ್ನೆ ಹೀಗೆ ನಿಂತ ಮೇಲೆ ಊರಿನ ಪಟ್ಟಿ ತಾನಾಗಿ ಕಿರಿದಾಗುತ್ತದೆ. ಹೋಲಿಕೆಗೆ ಎರಡು ಬಗೆ ಬೇಕು. ಅದೇ ಸೀಮೆಯಲ್ಲಿ, ಅದೇ ಬಳಪದ ಕಲ್ಲಿನಲ್ಲಿ, ನಕ್ಷತ್ರವಲ್ಲದ ಮೆಟ್ಟಿಲು ಚೌಕದ ತಲವಿನ್ಯಾಸದವು: ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಮತ್ತು 1112ರ ಇಟಗಿ ಮಹಾದೇವ. ಇನ್ನೊಂದು, ಹೊಯ್ಸಳರ 16 ಮೊನೆಯ ನಕ್ಷತ್ರ: ಅರಸೀಕೆರೆಯ ಈಶ್ವರ ಗುಡಿ ಮತ್ತು ಹದಿಮೂರನೇ ಶತಮಾನದ ಸೋಮನಾಥಪುರದ ಕೇಶವ ಗುಡಿ. ಅಲ್ಲಿ ನಾಲ್ಕು ಚೌಕಗಳ ತಿರುವು 22.5 ಡಿಗ್ರಿ, ಹಾಗಾಗಿ ತಗ್ಗು 112.5 ಡಿಗ್ರಿ ಇರಬೇಕು. ದಂಬಳದ ಅಳತೆಯ ಕ್ರಮವನ್ನೇ ಅಲ್ಲೂ ನಡೆಸಬಹುದು. ಗದಗದ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನೂ ಸೇರಿಸಿ. ಕಂಬದ ಮೇಲಿನ ಕೆತ್ತನೆಗೆ ವೃತ್ತವನ್ನು ಹಂಚಿದವರೂ ತಲವಿನ್ಯಾಸಕ್ಕೆ ಹಂಚಿದವರೂ ಒಂದೇ ಪರಂಪರೆಯವರು, ಅಳತೆಯ ಹವ್ಯಾಸ ಅಲ್ಲಿ ಚಿಕ್ಕದರಲ್ಲಿ ಕಾಣಸಿಗಬಹುದು.

ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿ ಕೈಬಿಡಬೇಕೆಂದರೆ ಹೊಟ್ಟೆ ಉರಿಯುತ್ತದೆ ಎಂಬುದು ಗೊತ್ತು. ಬಿಡಿ. ಒಂದು ಭಾನುವಾರ ನಿಮ್ಮ ಸ್ವಂತ ಖರ್ಚಿನಲ್ಲಿ ಹೋಗಿ ಬನ್ನಿ, ಅರ್ಜಿಯಲ್ಲಿ ಹೆಸರೆತ್ತಬೇಡಿ.

30 ದಿನವನ್ನು 42ಕ್ಕೆ ಏರಿಸಿ. ಹಂಚಿಕೆ ಹೀಗಿರಲಿ: ದಂಬಳ 9, ಲಕ್ಕುಂಡಿ 6, ಇಟಗಿ 5, ಗದಗ 3, ಅರಸೀಕೆರೆ 5, ಸೋಮನಾಥಪುರ 5, ಮೈಸೂರಿನಲ್ಲಿ ಗ್ರಂಥಾಲಯ ಮತ್ತು ರಾಜ್ಯ ಪುರಾತತ್ವ ಇಲಾಖೆಯ ಕೆಲಸಕ್ಕೆ 3, ಪ್ರಯಾಣ ಮತ್ತು ವಿಶ್ರಾಂತಿಗೆ 6. ದಂಬಳ, ಲಕ್ಕುಂಡಿಗಳಿಗೆ ಗದಗದಲ್ಲಿ ಉಳಿದುಕೊಂಡು ದಿನಾ ಹೋಗಿ ಬರುವುದು ಸುಲಭ. ಲಕ್ಕುಂಡಿ ಗದಗದಿಂದ ಸುಮಾರು 12 ಕಿ.ಮೀ., ದಂಬಳ ಗದಗ-ಮುಂಡರಗಿ ದಾರಿಯಲ್ಲೇ ಸಿಗುತ್ತದೆ. ಇಟಗಿಗೆ ಬಸ್ ನಂಬಿಕೊಂಡರೆ ಬೆಳಗಿನ ಬೆಳಕು ತಪ್ಪುತ್ತದೆ, ಅಲ್ಲಿಗೆ ಬಾಡಿಗೆ ಕಾರು ಇಟ್ಟುಕೊಳ್ಳಿ. ಅರಸೀಕೆರೆ ರೈಲ್ವೆ ಜಂಕ್ಷನ್, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ಇಳಿದುಕೊಳ್ಳಬಹುದು.

ತಿಂಗಳು ಆರಿಸುವಾಗ ಬೆಳಕಿನ ಲೆಕ್ಕ ಮಾಡಿ. ಇದನ್ನು ಮರೆತು ಹೋದವರೇ ಜಾಸ್ತಿ. ಅಮೆರಿಕದ ಬೇಸಿಗೆ ರಜೆಯಲ್ಲಿ, ಮೇಯಿಂದ ಆಗಸ್ಟ್ ನಡುವೆ ಹೋಗುವುದು ನಿಮಗೆ ಅನುಕೂಲ. ಆದರೆ ಗದಗ ಸೀಮೆಯಲ್ಲಿ ಮೇ ತಿಂಗಳ ಬಿಸಿಲಿಗೆ ಹನ್ನೊಂದು ಗಂಟೆಯ ಮೇಲೆ ಕಲ್ಲಿನ ಮೇಲೆ ಬರಿಗಾಲಿಡಲಾಗದು, ಜೂನ್‌ನಿಂದ ಮಳೆ, ಮೋಡ. ಡಿಸೆಂಬರ್-ಜನವರಿ ಮೈಗೆ ಹಿತ, ಆಕಾಶ ತಿಳಿ. ಆದರೆ ಆಗ ಉತ್ತರದ ಭಿತ್ತಿಗೆ ದಿನವಿಡೀ ನೇರ ಬಿಸಿಲು ಬೀಳುವುದಿಲ್ಲ. ದಂಬಳ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ನಡುಹಗಲ ಸೂರ್ಯ ಅಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಾತ್ರ. ಚಳಿಗಾಲದಲ್ಲಿ ಹೋದರೆ ಉತ್ತರದ ಮೊನೆಗಳ ಏಣು ಫೋಟೋದಲ್ಲಿ ಮಂಕಾಗಿ, ತಗ್ಗು ಯಾವುದು ಉಬ್ಬು ಯಾವುದು ತಿಳಿಯದೆ ಬರುತ್ತದೆ. ಅದಕ್ಕೆ ಬಿಳಿ ಬಟ್ಟೆಯ ರಿಫ್ಲೆಕ್ಟರ್ ಒಂದನ್ನು ಪಕ್ಕದಿಂದ ಹಿಡಿಸಿ ಓರೆ ಬೆಳಕು ಕೊಡಬೇಕು, ಇನ್ನೊಬ್ಬರ ಕೈ ಬೇಕೇ ಬೇಕು. ಈ ಎರಡು ಸಾಲು ನಿಮ್ಮ ಪ್ರಸ್ತಾವದಲ್ಲಿದ್ದರೆ, ಜಾಗ ಗೊತ್ತಿರುವವರು ಬರೆದದ್ದು ಎಂದು ಓದುವವರಿಗೆ ತಾನೇ ತಿಳಿಯುತ್ತದೆ. ನನ್ನ ಸಲಹೆ ಡಿಸೆಂಬರ್ ಎರಡನೇ ವಾರದಿಂದ ಜನವರಿ ಕೊನೆ. ಮಾರ್ಗದರ್ಶಕರ ಒಪ್ಪಿಗೆ ಪಡೆದು ಸೆಮಿಸ್ಟರಿನ ಮೊದಲ ಒಂದೆರಡು ವಾರ ಬಿಡುವು ಕೇಳಿ.

ಅಳತೆಗೆ ಒಯ್ಯಬೇಕಾದವು ಹೆಚ್ಚಿಲ್ಲ: 30 ಮೀಟರ್ ಟೇಪು, 5 ಮೀಟರ್ ಟೇಪು, ಲೇಸರ್ ಅಳತೆಗೋಲು, ರಸಮಟ್ಟ, ತೂಗುಗುಂಡು, ಮರದ ಮೂಲೆಮಟ್ಟ, ಕೋನ ಹಿಡಿದು ತಿರುಪು ಬಿಗಿಯುವ ಬೆವೆಲ್, ಬಿಳಿ ಹತ್ತಿ ದಾರ. ಕಬ್ಬಿಣದ ಮಟ್ಟ ಬೇಡ, ಬಳಪದ ಕಲ್ಲು ಮೃದು, ಗೀಚು ಬೀಳುತ್ತದೆ. ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಕೂಡ ಹಾಕಕೂಡದು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮೊನೆಯಿಂದ ಮೊನೆಗೆ ಅಳೆಯುತ್ತ ಸುತ್ತು ಬರುವುದು. ಒಂದೊಂದರಲ್ಲಿ 5 ಮಿ.ಮೀ. ತಪ್ಪಿದರೂ ಸುತ್ತಿನ ಕೊನೆಗೆ ಅದು 12 ಸೆಂ.ಮೀ.ವರೆಗೆ ಬೆಳೆಯಬಹುದು. ಗುಡಿಯ ಹೊರಗೆ ನೆಲದ ಮೇಲೆ ದಾರದಿಂದ ಒಂದು ಚೌಕ ಎಳೆದು, ಅದರ ಎರಡು ಮೂಲೆಗಳಿಂದ ಪ್ರತಿ ಮೊನೆಗೂ ಪ್ರತ್ಯೇಕ ಅಳತೆ ತೆಗೆಯಿರಿ. ಚೌಕದ ಕರ್ಣಗಳೆರಡೂ ಸಮ ಬರುತ್ತವೆಯೇ ಎಂದು ಮೊದಲು ನೋಡಿಕೊಳ್ಳಿ. ಅಳೆಯುವ ಮಟ್ಟವೂ ಒಂದೇ ಇರಲಿ. ಅಧಿಷ್ಠಾನದ (ಗುಡಿಯ ಪೀಠದ) ಕುಮುದವೆಂಬ ಪಟ್ಟಿಯ ಅಂಚು, ಕಪೋತವೆಂಬ ಚಾಚುಪಟ್ಟಿಯ ಅಂಚು, ಭಿತ್ತಿಯ ಮೈ ಇವು ಬೇರೆ ಬೇರೆ ದೂರಕ್ಕೆ ಚಾಚಿರುತ್ತವೆ. ಒಂದು ಕಡೆ ಕುಮುದ, ಇನ್ನೊಂದು ಕಡೆ ಭಿತ್ತಿ ಹಿಡಿದರೆ ನಕ್ಷತ್ರ ಸೊಟ್ಟಗಾಗುತ್ತದೆ, ತಪ್ಪು ಶಿಲ್ಪಿಯದೆಂದು ಬರೆದುಬಿಡುತ್ತೀರಿ. ಮುಕ್ಕಾದ ಮೊನೆಗಳನ್ನೂ, ದುರಸ್ತಿಯಲ್ಲಿ ಕೂರಿಸಿದ ಕೆತ್ತನೆಯಿಲ್ಲದ ಬೋಳು ಕಲ್ಲುಗಳನ್ನೂ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ಲೆಕ್ಕದಿಂದ ಹೊರಗಿಡಿ.

ಶಿಖರದ ತಲಗಳಿಗೆ ಟೇಪು ಎಟುಕುವುದಿಲ್ಲ, ಹತ್ತುವ ಮಾತೇ ಇಲ್ಲ. ಅಲ್ಲಿ ಫೋಟೋಗ್ರಾಮೆಟ್ರಿ, ಅಂದರೆ ಹಲವು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅಳತೆ ಪಡೆಯುವುದು. ಸುತ್ತ 5 ಡಿಗ್ರಿಗೊಂದರಂತೆ 72 ಚಿತ್ರ, ಹಾಗೆ ಮೂರು ಎತ್ತರದಿಂದ ಮೂರು ಸುತ್ತು. ಜೊತೆಗೆ ಪ್ರತಿ ತಗ್ಗಿಗೂ ಹತ್ತಿರದಿಂದ ಆರಾರು. ಒಟ್ಟು 360. ಒಂದೇ ಲೆನ್ಸ್, ಜೂಮ್ ಬದಲಿಸಬೇಡಿ, ಪಕ್ಕಪಕ್ಕದ ಚಿತ್ರಗಳು ಮೂರರಲ್ಲಿ ಎರಡು ಪಾಲು ಒಂದರ ಮೇಲೊಂದು ಬರಬೇಕು. ಕತ್ತಲ ತಗ್ಗುಗಳಲ್ಲಿ ಸಾಫ್ಟ್‌ವೇರ್ ಸೋತು ಮೇಲ್ಮೈಯನ್ನು ಮೇಣದಂತೆ ಕರಗಿಸಿ ತೋರಿಸುತ್ತದೆ. ನಿಮ್ಮ ಪ್ರಶ್ನೆ ಇರುವುದೇ ಆ ತಗ್ಗಿನಲ್ಲಿ. ಹಾಗಾಗಿ ಆ ಆರು ಚಿತ್ರಗಳನ್ನು ಮೋಡ ಮುಸುಕಿದಾಗ ಅಥವಾ ಸೂರ್ಯ ಇನ್ನೂ ಏಳದ ತಂಪು ಬೆಳಕಿನಲ್ಲಿ ತೆಗೆಯಿರಿ.

ಡ್ರೋನ್ ಒಯ್ಯುವ ಯೋಚನೆ ಬೇಡ. ಸಿದ್ಧ ಡ್ರೋನ್‌ಗಳ ಆಮದಿಗೆ ಭಾರತದಲ್ಲಿ 2022ರಿಂದ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಹಿಡಿದಿಡುತ್ತಾರೆ. ಇಲ್ಲಿಯೇ ಬಾಡಿಗೆಗೆ ಸಿಕ್ಕರೂ ಸಂರಕ್ಷಿತ ಸ್ಮಾರಕದ ಮೇಲೆ ಹಾರಿಸಲು ಬೇರೆ ಅನುಮತಿ ಬೇಕು.

ಅನುಮತಿಯ ವಿಷಯಕ್ಕೆ ಬಂದರೆ, ಕೈಯಲ್ಲಿ ಕ್ಯಾಮೆರಾ ಹಿಡಿದು ಫೋಟೋ ತೆಗೆಯುವುದು ಒಂದು, ಟ್ರೈಪಾಡ್ ನಿಲ್ಲಿಸಿ ದಾರ ಎಳೆದು ಅಳೆಯುವುದು ಇನ್ನೊಂದು. ಎರಡನೆಯದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆಯಾ ಪ್ರಾದೇಶಿಕ ವಿಭಾಗದ, ಅಂದರೆ ಸರ್ಕಲ್‌ನ ಅಧೀಕ್ಷಕ ಪುರಾತತ್ವಜ್ಞರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಹಂಪಿ ಎಂದು ಮೂರು ಸರ್ಕಲ್‌ಗಳಿವೆ. ನಿಮ್ಮ ಆರು ಗುಡಿಗಳು ಒಂದೇ ಸರ್ಕಲ್‌ನಲ್ಲಿ ಇಲ್ಲ. ಪತ್ರದಲ್ಲಿ ಗುಡಿಯ ಹೆಸರು, ದಿನಾಂಕ, ಉಪಕರಣಗಳ ಪಟ್ಟಿ, ಜೊತೆಗೆ ಬರುವವರ ಹೆಸರು, ವಿಶ್ವವಿದ್ಯಾಲಯದ ಪತ್ರ ಎಲ್ಲ ಇರಲಿ. ಹೊರಡುವ ಮೂರು ತಿಂಗಳ ಮೊದಲೇ ಬರೆಯಿರಿ. ಒಪ್ಪಿಗೆ ಬಂದ ಮೇಲೆ ಅದರ ನಾಲ್ಕೈದು ಪ್ರತಿ ಇಟ್ಟುಕೊಂಡು, ಗುಡಿಯ ಕಾವಲುಗಾರರಿಗೆ ಮೊದಲ ದಿನವೇ ಒಂದನ್ನು ಕೊಟ್ಟು ಪರಿಚಯ ಮಾಡಿಕೊಳ್ಳಿ. ಪೂಜೆ ನಡೆಯುವ ಕಡೆ ಅರ್ಚಕರ ಮಾತೇ ಕೊನೆ, ಇಲಾಖೆಯ ಕಾಗದ ತೋರಿಸಿ ಗರ್ಭಗುಡಿಗೆ ನುಗ್ಗುವುದು ಸಲ್ಲದು. ಸೋಮವಾರ, ಅಮಾವಾಸ್ಯೆ, ಜಾತ್ರೆಯ ದಿನ ಅಳತೆ ಇಟ್ಟುಕೊಳ್ಳಬೇಡಿ. ಶಿಲ್ಪಿಗಳನ್ನೋ ಅರ್ಚಕರನ್ನೋ ಕೂರಿಸಿ ಸಂದರ್ಶನ ಮಾಡುವ ಉದ್ದೇಶ ಇದ್ದರೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯನ್ನು ಮೊದಲೇ ಕೇಳಬೇಕು, ಅದಕ್ಕೂ ವಾರಗಟ್ಟಲೆ ಹಿಡಿಯುತ್ತದೆ.

ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಇಲ್ಲಿ ವೀಸಾ ತೊಡಕಿಲ್ಲ, ವಾಪಸು ಹೋಗುವಾಗ ಇರುತ್ತದೆ: ವಿಶ್ವವಿದ್ಯಾಲಯ ಕೊಟ್ಟ ಐ-20 ದಾಖಲೆಯ ಮೇಲಿನ ಪ್ರಯಾಣದ ಸಹಿ ಒಂದು ವರ್ಷದೊಳಗಿನದ್ದಾಗಿರಬೇಕು, ಎಫ್-1 ವಿದ್ಯಾರ್ಥಿ ವೀಸಾ ಮುದ್ರೆ ಮುಗಿದಿದ್ದರೆ ಹೊಸದಕ್ಕೆ ಕಾಯುವ ದಿನಗಳನ್ನೂ ಯೋಜನೆಯಲ್ಲಿ ಸೇರಿಸಬೇಕು. ಇದನ್ನು ಓದುವ ಬೇರೆಯವರಲ್ಲಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನವರು ಇದ್ದರೆ ಗಮನಿಸಿ, 2021ರ ಅಧಿಸೂಚನೆಯಂತೆ ಸಂಶೋಧನೆಗೆ ನಿಮಗೂ ವಿಶೇಷ ಅನುಮತಿ ಬೇಕು. ವಿದೇಶಿ ಪಾಸ್‌ಪೋರ್ಟಿನವರು ಪ್ರವಾಸಿ ಇ-ವೀಸಾದಲ್ಲಿ ಬಂದು ಸಂಶೋಧನೆ ಮಾಡುವಂತಿಲ್ಲ.

ಬಜೆಟ್ಟನ್ನು ರೂಪಾಯಿಯಲ್ಲಿ ಕಟ್ಟಿ, ಆಮೇಲೆ ಡಾಲರಿಗೆ ತಿರುಗಿಸಿ. ಒಂದು ಮಾದರಿ ಲೆಕ್ಕ: ವಿಮಾನ 1,30,000, ವಸತಿ 38 ರಾತ್ರಿ, 1,500ರಂತೆ 57,000, ಚಾಲಕರ ಸಮೇತ ಕಾರು 15 ದಿನ, 3,500ರಂತೆ 52,500, ಬಸ್ಸು ರೈಲು 8,000, ಊಟ 42 ದಿನ, 600ರಂತೆ 25,200, ಪ್ರತಿ ತೆಗೆಸುವುದು, ಸ್ಕ್ಯಾನಿಂಗ್, ಶುಲ್ಕ 15,000, ಅಳತೆಗೆ ಸಹಾಯಕರು 20 ದಿನ, 800ರಂತೆ 16,000, ವಿಮೆ 12,000. ಕೂಡಿದರೆ 3,15,700. ಅನಿರೀಕ್ಷಿತಕ್ಕೆ ಶೇ. 10 ಸೇರಿಸಿದರೆ 3,47,270. ಡಾಲರಿಗೆ 85 ರೂಪಾಯಿ ಹಿಡಿದರೆ 4,086 ಡಾಲರ್. 4,100 ಎಂದು ಕೇಳಿ. ದರ ಯಾವಾಗಲೂ ಅಂದಿನದಕ್ಕಿಂತ ಸ್ವಲ್ಪ ಕಡಿಮೆಯೇ ಹಿಡಿಯಬೇಕು, ಇಲ್ಲದಿದ್ದರೆ ರೂಪಾಯಿ ಒಂದಿಷ್ಟು ಚೇತರಿಸಿಕೊಂಡರೂ ಕೊನೆಯ ವಾರದ ಕಾರಿನ ಹಣ ಕೈಬಿಡುತ್ತದೆ. ನಿಮ್ಮ ಊರಿನ ದರ ವಿಚಾರಿಸಿ ಅಂಕಿಗಳನ್ನು ತಿದ್ದಿಕೊಳ್ಳಿ. ಗರಿಷ್ಠ 5,000 ಇದೆಯೆಂದು ಸರಿಯಾಗಿ 5,000 ಕೇಳಿದರೆ ಖರ್ಚನ್ನು ಮೊತ್ತಕ್ಕೆ ಹೊಂದಿಸಿದ್ದು ಎದ್ದು ಕಾಣುತ್ತದೆ. ಸಹಾಯಕರ ಕೂಲಿಯನ್ನು ಬಿಡಬೇಡಿ. 24 ಮೊನೆಯನ್ನು ಒಬ್ಬರೇ ಅಳೆಯಲಾಗದು, ದಾರದ ಆ ತುದಿ ಹಿಡಿದವರಿಗೆ ದುಡ್ಡು ಕೊಡುವುದು ನ್ಯಾಯ. ವರದಿಯಲ್ಲಿ ಅವರ ಹೆಸರನ್ನೂ ಹಾಕಿ.

ಕ್ಯಾಮೆರಾ, ಲ್ಯಾಪ್‌ಟಾಪ್ ಬಜೆಟ್ಟಿಗೆ ಸೇರಿಸುವ ಮೊದಲು ದತ್ತಿಯ ನಿಯಮ ಓದಿ. ಸ್ಮಾರಕ ದತ್ತಿಗಳಲ್ಲಿ ಹಣ ಕೊಟ್ಟ ಮನೆಯವರ ಮಾತೇ ಕಾನೂನು. 'ಪ್ರವಾಸಕ್ಕೆ' ಎಂದು ಬರೆದಿದ್ದರೆ ಉಪಕರಣ, ಭಾಷೆಯ ತರಗತಿ, ಸಮ್ಮೇಳನದ ನೋಂದಣಿ ಹೊರಗುಳಿಯುವ ಸಂಭವ ಹೆಚ್ಚು. ಸಂದೇಹವಿದ್ದರೆ ವಿಭಾಗದ ಕಚೇರಿಗೆ ಒಂದು ಸಾಲಿನ ಇಮೇಲ್ ಹಾಕಿ ಕೇಳಿ.

ತೆರಿಗೆ ಬಹಳ ಮಂದಿಗೆ ತಡವಾಗಿ ನೆನಪಾಗುತ್ತದೆ. ಪ್ರವಾಸಕ್ಕೆಂದು ಕೊಟ್ಟ ಫೆಲೋಶಿಪ್ ಹಣ ಬೋಧನಾ ಶುಲ್ಕವಲ್ಲವಾದ್ದರಿಂದ ಅಮೆರಿಕದಲ್ಲಿ ಸಾಮಾನ್ಯವಾಗಿ ಆದಾಯವೆಂದೇ ಲೆಕ್ಕ. ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾಗಿರುವ ಎಫ್-1 ವಿದ್ಯಾರ್ಥಿಗೆ ಕೊಡುವಾಗ ವಿಶ್ವವಿದ್ಯಾಲಯ ಶೇ. 14 ಹಿಡಿದುಕೊಳ್ಳುವುದುಂಟು. ಆದರೆ ಕೆಲಸವೆಲ್ಲ ಅಮೆರಿಕದ ಹೊರಗೇ ನಡೆಯುವುದಾದರೆ ಅನಿವಾಸಿಗಳಿಗೆ ಅದು ವಿದೇಶಿ ಮೂಲದ ಆದಾಯವಾಗುತ್ತದೆ, ಹಿಡಿಯಬೇಕಿಲ್ಲ. 4,100ರಲ್ಲಿ ಶೇ. 14 ಎಂದರೆ 574 ಡಾಲರ್, ನಿಮ್ಮ ಹದಿಮೂರು-ಹದಿನಾಲ್ಕು ದಿನದ ಕಾರಿನ ಬಾಡಿಗೆ. ಚೆಕ್ ಬರೆಯುವ ಮುಂಚೆಯೇ ಪೇರೋಲ್ ಕಚೇರಿಗೆ ಪ್ರಯಾಣದ ಪಟ್ಟಿ ತೋರಿಸಿ ಇದನ್ನು ಇತ್ಯರ್ಥ ಮಾಡಿಕೊಳ್ಳಿ, ಆಮೇಲೆ ವಾಪಸು ಪಡೆಯುವುದು ದೊಡ್ಡ ಸುತ್ತು.

ಇನ್ನು ಬರವಣಿಗೆ. ಸಮಿತಿಯಲ್ಲಿ ಮೂರೋ ಐದೋ ಜನ ಇರುತ್ತಾರೆ, ಭಾರತದ ಗುಡಿ ನೋಡಿದವರು ಒಬ್ಬರಿದ್ದರೆ ಪುಣ್ಯ. 'ವೇಸರ', 'ಕೂಟಸ್ತಂಭ', 'ಶುಕನಾಸಿ' ಎಂದು ಮೊದಲ ಪ್ಯಾರಾದಲ್ಲೇ ಬರೆದರೆ ಮಿಕ್ಕವರು ಅಲ್ಲೇ ಕೈಚೆಲ್ಲುತ್ತಾರೆ. ಮೊದಲ ನಾಲ್ಕು ವಾಕ್ಯ ಈ ಅರ್ಥ ಕೊಡುವಂತಿರಲಿ: 'ಹನ್ನೆರಡನೇ ಶತಮಾನದ ಆಸುಪಾಸಿನ ಒಂದು ಕಲ್ಲಿನ ಗುಡಿಗೆ 24 ಮೊನೆಗಳಿವೆ. ಚೌಕ ತಿರುಗಿಸಿ ಇದನ್ನು ಮಾಡಿದರೆಂದು ಒಪ್ಪಿಕೊಂಡು ಬಂದಿದ್ದೇವೆ. ಹಾಗಿದ್ದರೆ ಮೊನೆ 90, ತಗ್ಗು 105 ಡಿಗ್ರಿ ಇರಬೇಕು. ಈವರೆಗೆ ಅಚ್ಚಾದ ನಕ್ಷೆಗಳ ಅಳತೆ ಚಿಕ್ಕದು, ಅವುಗಳಿಂದ ಇದನ್ನು ಹೇಳಲಾಗದು.' ಎರಡನೇ ಪ್ಯಾರಾ: ಏನನ್ನು ಓದಿ ಮುಗಿಸಿದ್ದೀರಿ, ಅದು ಎಲ್ಲಿ ನಿಲ್ಲುತ್ತದೆ. ಮೂರನೆಯದು: ಎಲ್ಲಿ ಎಷ್ಟು ದಿನ, ಆ ದಿನಗಳಲ್ಲಿ ಯಾವ ಅಳತೆ. ಆಮೇಲೆ ಒಂದು ಸಣ್ಣ ಪ್ಯಾರಾ: ಮಳೆ ಬಂದರೆ, ಅನುಮತಿ ಸಿಗದಿದ್ದರೆ, ಮಂಟಪದ ದುರಸ್ತಿಗೆ ಸಾರುವೆ ಕಟ್ಟಿದ್ದರೆ ಏನು ಮಾಡುತ್ತೀರಿ. ಸಾರುವೆಯ ಮಾತನ್ನು ಹಗುರವಾಗಿ ನೋಡಬೇಡಿ. ಗುಡಿ ಪೂರ್ತಿ ಮುಚ್ಚಿದ್ದರೆ ದಂಬಳದ 9 ದಿನವನ್ನು ಅರಸೀಕೆರೆಗೆ ವರ್ಗಾಯಿಸುತ್ತೇನೆ ಎಂದು ಮೊದಲೇ ಬರೆದಿಡಿ. ಕೊನೆಗೆ, ಇದು ಪ್ರಬಂಧದ ಯಾವ ಅಧ್ಯಾಯಕ್ಕೆ ಸೇರುತ್ತದೆ ಎಂದು ಎರಡು ಸಾಲು.

ಯಾರ ನೆನಪಿಗೆ ಫೆಲೋಶಿಪ್ ಇದೆಯೋ ಅವರ ಹೊಗಳಿಕೆ ಪ್ರಸ್ತಾವದಲ್ಲಿ ಬೇಡ. ಅವರ ಬರಹಗಳಲ್ಲಿ ಒಂದೆರಡನ್ನಾದರೂ ಓದಿ. ನಿಮ್ಮ ಕೆಲಸಕ್ಕೆ ನಿಜವಾಗಿ ಸಂಬಂಧಪಟ್ಟಿದ್ದರೆ ಮಾತ್ರ ಒಂದು ವಾಕ್ಯದಲ್ಲಿ ಹೇಳಿ.

ಶಿಫಾರಸು ಪತ್ರಕ್ಕೆ ಆರು ವಾರ ಮುಂಚೆ ಕೇಳಿ, ಪ್ರಸ್ತಾವದ ಕರಡನ್ನು ಜೊತೆಗೆ ಕೊಡಿ. 'ಬುದ್ಧಿವಂತ ವಿದ್ಯಾರ್ಥಿ' ಎಂಬ ಪತ್ರ ಎಲ್ಲರಿಗೂ ಇರುತ್ತದೆ. ನೀವು ಕಟ್ಟಡವೊಂದನ್ನು ಅಳೆದು ನಕ್ಷೆ ಬರೆದದ್ದನ್ನು, ಹಿಡಿದ ಕೆಲಸ ಮುಗಿಸಿದ್ದನ್ನು ಕಣ್ಣಾರೆ ಕಂಡವರು ಬರೆದರೆ ಅದರ ತೂಕ ಬೇರೆ. ಬಿ.ಆರ್ಕ್‌ನಲ್ಲಿ ಅಳತೆ ನಕ್ಷೆಯ ಸ್ಟುಡಿಯೋ ಮಾಡಿಸಿದ ಮೈಸೂರಿನ ಮೇಷ್ಟ್ರು ಇಲ್ಲಿ ದೊಡ್ಡ ಹೆಸರಿನ ಪ್ರಾಧ್ಯಾಪಕರಿಗಿಂತ ಉಪಯೋಗಕ್ಕೆ ಬರಬಹುದು.

ಬೇರೆ ಅವಕಾಶಗಳ ಬಗ್ಗೆ ಕೇಳಿದ್ದೀರಿ. ನಿಮ್ಮ ಮೊತ್ತಕ್ಕೆ ತೀರ ಹತ್ತಿರದ್ದು ನ್ಯೂಯಾರ್ಕಿನ ಆರ್ಕಿಟೆಕ್ಚರಲ್ ಲೀಗ್‌ನ ಡೆಬೊರಾ ನಾರ್ಡೆನ್ ನಿಧಿ. ವಾಸ್ತುಶಿಲ್ಪಿಯೂ ಕಲಾ ಆಡಳಿತಗಾರರೂ ಆಗಿದ್ದ ಅವರ ನೆನಪಿನಲ್ಲಿ 1995ರಲ್ಲಿ ಸ್ಥಾಪನೆಯಾದದ್ದು. ವಾಸ್ತುಶಿಲ್ಪ, ಅದರ ಇತಿಹಾಸ, ನಗರ ಅಧ್ಯಯನದ ವಿದ್ಯಾರ್ಥಿಗಳಿಗೂ ಹೊಸ ಪದವೀಧರರಿಗೂ 5,000 ಡಾಲರ್‌ವರೆಗೆ ಪ್ರವಾಸಕ್ಕೆ ಕೊಡುತ್ತ ಬಂದಿದ್ದಾರೆ. ಶಿಕಾಗೋದ ಸೊಸೈಟಿ ಆಫ್ ಆರ್ಕಿಟೆಕ್ಚರಲ್ ಹಿಸ್ಟೋರಿಯನ್ಸ್ ಕೊಡುವ ಎಚ್. ಆಲನ್ ಬ್ರೂಕ್ಸ್ ಫೆಲೋಶಿಪ್ ತುಂಬ ದೊಡ್ಡದು, ತಿಂಗಳುಗಟ್ಟಲೆ ತಿರುಗಾಟಕ್ಕೆ. ಟೊರಾಂಟೋದಲ್ಲಿ ಪಾಠ ಹೇಳಿದ ಬ್ರೂಕ್ಸ್ ಅವರು ಉಯಿಲಿನಲ್ಲಿ ಬಿಟ್ಟ ಹಣ ಅದು. ಪದವಿಯ ಸಂಶೋಧನೆಗೆ ಅದನ್ನು ಬಳಸುವಂತಿಲ್ಲ. ನೋಡುತ್ತ, ಓದುತ್ತ, ಬರೆಯುತ್ತ, ಚಿತ್ರಿಸುತ್ತ ತಿರುಗಬೇಕೆಂಬುದು ಅವರ ಆಸೆ. ಬ್ರೂಕ್ಸ್ ಬಹಳ ವರ್ಷ ಅಧ್ಯಯನ ಮಾಡಿದ್ದು ಲ ಕೊರ್ಬೂಸಿಯೆಯ ಎಳೆಯ ದಿನಗಳನ್ನು. 1911ರಲ್ಲಿ, 23ರ ಹರೆಯದಲ್ಲಿ, ಇಸ್ತಾಂಬುಲ್-ಅಥೆನ್ಸ್ ಕಡೆ ನೋಟ್‌ಬುಕ್ ಹಿಡಿದು ತಿರುಗಿದ ಆ ಯುವಕನ ನೆರಳು ಈ ಫೆಲೋಶಿಪ್ಪಿನ ಮೇಲೆ ಇದೆ ಎಂದು ನನಗೆ ಅನ್ನಿಸುತ್ತದೆ. ಈಗಿನ ದಂಬಳದ ಪ್ರಸ್ತಾವವನ್ನು ಅಲ್ಲಿಗೆ ಕಳಿಸಬೇಡಿ, ಪಿಎಚ್‌.ಡಿ. ಮುಗಿಯುವ ಹೊತ್ತಿಗೆ ಬೇರೊಂದನ್ನು ಯೋಚಿಸಿ. ಪ್ರಬಂಧದ ಸಂಶೋಧನೆಗೇ ಬೇಕೆಂದರೆ ಗ್ರಹಾಂ ಫೌಂಡೇಶನ್‌ನ ಕಾರ್ಟರ್ ಮ್ಯಾನಿ ಪ್ರಶಸ್ತಿ ಇದೆ, ಅದಕ್ಕೆ ವಿಭಾಗವೇ ನಿಮ್ಮ ಹೆಸರು ಸೂಚಿಸಬೇಕು. ಮಾರ್ಗದರ್ಶಕರ ಕಿವಿಗೆ ಈಗಲೇ ಹಾಕಿಡಿ. ಪ್ರತಿಯೊಂದರ ಈ ವರ್ಷದ ಗಡುವು, ಅರ್ಹತೆಗಳನ್ನು ಅವರವರ ಪ್ರಕಟಣೆಯಲ್ಲೇ ನೋಡಿ ಖಚಿತ ಮಾಡಿಕೊಳ್ಳಿ.

ಹಣ ಸಿಕ್ಕ ಮೇಲಿನ ಒಂದೆರಡು ಮಾತು. ಪ್ರತಿ ಸಂಜೆ ಲಾಡ್ಜಿಗೆ ಬಂದ ಕೂಡಲೇ ಆ ದಿನದ ಚಿತ್ರಗಳನ್ನು ಎರಡು ಬೇರೆ ಡಿಸ್ಕಿಗೆ ಇಳಿಸಿ, ಒಂದು ಬ್ಯಾಗಿನಲ್ಲಿ, ಇನ್ನೊಂದು ಕೋಣೆಯಲ್ಲಿ ಇಡಿ. ಫೈಲಿನ ಹೆಸರಲ್ಲೇ ಊರು, ಗುಡಿ, ದಿಕ್ಕು, ಮೊನೆಯ ಸಂಖ್ಯೆ ಬರಲಿ. 24 ಮೊನೆಗಳು ಫೋಟೋದಲ್ಲಿ ಒಂದೇ ಥರ ಕಾಣುತ್ತವೆ, ಒಂದು ವಾರ ಬಿಟ್ಟು ನೋಡಿದರೆ ಯಾವುದು ಯಾವುದೆಂದು ನಿಮಗೇ ತಿಳಿಯದು. ವಾಯವ್ಯದ ಮೊನೆಗೆ 1 ಎಂದು ಹೆಸರಿಟ್ಟು ಪ್ರದಕ್ಷಿಣೆಯಾಗಿ ಎಣಿಸುತ್ತ ಬನ್ನಿ, ಎಲ್ಲ ಗುಡಿಗಳಲ್ಲೂ ಅದೇ ಕ್ರಮ. ಚಿತ್ರಗಳನ್ನು ಕೊನೆಗೆ ಮೇಲೆ ಹೇಳಿದ ಶಿಕಾಗೋದ ಸೊಸೈಟಿಯ 'ಸಹಾರಾ' ಎಂಬ ಚಿತ್ರಸಂಗ್ರಹಕ್ಕೆ ಕೊಡುತ್ತೇನೆ ಎಂದು ಪ್ರಸ್ತಾವದಲ್ಲೇ ಬರೆಯಬಹುದು. ಅಳತೆ ನಕ್ಷೆಯ ಒಂದು ಪ್ರತಿಯನ್ನು ಧಾರವಾಡದ ಸರ್ಕಲ್ ಕಚೇರಿಗೂ ಕಳಿಸಿ.

ಫೆಲೋಶಿಪ್ ಇಟ್ಟ ಮನೆಯವರಿಗೆ ಬರೆಯುವ ಪತ್ರ ಸಮಿತಿಯ ವರದಿಗಿಂತ ಬೇರೆಯಾಗಿರಲಿ. ಅವರಲ್ಲಿ ಎಲ್ಲರೂ ವಾಸ್ತುಶಿಲ್ಪ ಓದಿದವರಲ್ಲ. ಒಂದು ಪುಟ, ನಾಲ್ಕು ಚಿತ್ರ: ಗುಡಿ ದೂರದಿಂದ, ಒಂದು ಮೊನೆಗೆ ಮೂಲೆಮಟ್ಟ ಹಿಡಿದದ್ದು, ದಾರ ಹಿಡಿದ ಸಹಾಯಕರು, ನೀವು ಬರೆದ ನಕ್ಷೆ. ಪ್ರವಾಸ ಮುಗಿಸಿ ಬಂದ ಎರಡು ವಾರದೊಳಗೆ, ಸಾಧ್ಯವಾದರೆ ಕೈಬರಹದಲ್ಲಿ, ಕಳಿಸಿ.